ನಾಟಕದ ಮೇಷ್ಟರು

ನಮ್ಮ ಸೀಮೆಯಲ್ಲಿ ನಾಟಕದ ಮೇಷ್ಟರೆಂದರೆ ಯಾರೆಂಬುದನ್ನು ವಿವರಿಸಬೇಕಾಗಿಲ್ಲ. ಸುಗ್ಗಿಯ ಕೆಲಸ ಮುಗಿದು ಊರಿಗೆ ಸ್ವಲ್ಪ ಬಿಡುವಾದಾಗ ಹಾರ್ಮೋನಿಯಂ ಪೆಟ್ಟಿಗೆಯೊಡನೆ ಬಂದಿಳಿದು, ಯಾರದೋ ಮನೆಯ ಪಡಸಾಲೆಯಲ್ಲಿ ಬಿಡಾರ ಹೂಡಿ, ರಾತ್ರಿಯೆಲ್ಲಾ ತಾಲೀಮು ನಡೆಸಿ, ಎರಡು ಮೂರು ತಿಂಗಳೊಳಗಾಗಿ ಒಕ್ಕಲುಮಕ್ಕಳನ್ನು ಕೌರವ ಪಾಂಡವರನ್ನಾಗಿ ಮಾಡಿ, ನಾಟಕದ ಮಾರನೆಯ ದಿನ ಸಂಭಾವನೆ ಶಾಲುಗಳನ್ನು ಪಡೆದು ಮುಂದಿನ ಊರಿಗೆ ಹೊರಟುಹೋಗುವವನೇ ಆತ. ಭೀಮನ ಪಾತ್ರ ಮಾಡಿದವನನ್ನು ಊರವರು ವರ್ಷಗಟ್ಟಲೆ ಭೀಮನೆಂದೇ ಕರೆಯುತ್ತಾರೆ. ಮೇಷ್ಟರ ಹೆಸರು ಮುಂದಿನ ಮಳೆಗಾಲದ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಆತನ ವಿದ್ಯೆಗೆ ಪದವಿಯಿಲ್ಲ, ಪರೀಕ್ಷೆಯಿಲ್ಲ. ಅದು ವಿದ್ಯೆಯೇ ಎಂದು ಕೇಳಿದರೆ ಹೌದೆನ್ನುವವರೂ ಬಹುಮಂದಿಯಿಲ್ಲ.

ಇಂಥ ಒಬ್ಬ ಮೇಷ್ಟರನ್ನು ವಿಶ್ವವಿದ್ಯಾನಿಲಯದ ಒಳಕ್ಕೆ ಕರೆದು ಕುರ್ಚಿ ಕೊಟ್ಟು ಕುಳ್ಳಿರಿಸಿದರೆ ಏನಾದೀತು? ಇದು ಕೇವಲ ಊಹೆಯ ಪ್ರಶ್ನೆಯಲ್ಲ. ಅಮೆರಿಕಾ ದೇಶದಲ್ಲಿ ಜಾರ್ಜ್ ಪಿಯರ್ಸ್ ಬೇಕರ್ ಎಂಬ ಪ್ರೊಫೆಸರರು ತಮ್ಮ ಬಾಳೆಲ್ಲವನ್ನೂ ವೆಚ್ಚಮಾಡಿ ಇದಕ್ಕೆ ಉತ್ತರವನ್ನು ಹುಡುಕಿದರು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ನಾಟಕರಚನೆಯನ್ನು ಕಲಿಸಿ, ಆಮೇಲೆ ಯೇಲ್ ವಿಶ್ವವಿದ್ಯಾನಿಲಯದ ನಾಟಕವಿಭಾಗಕ್ಕೆ ಮೊದಲ ಮುಖ್ಯಸ್ಥರಾಗಿ ಹೋದವರು ಅವರು. ಅವರ ಶಿಷ್ಯರ ಹೆಸರನ್ನು ಲೋಕವೆಲ್ಲ ಬಲ್ಲದು. ಅವರ ಹೆಸರನ್ನು ಬಲ್ಲವರು ಆ ವೃತ್ತಿಯವರು ಮಾತ್ರ.

ನಾನು ಅವರ ಹೆಸರನ್ನು ಮೊದಲು ಕಂಡದ್ದು ಒಂದು ಪುಸ್ತಕದ ಬೆನ್ನಿನ ಮೇಲೆ. ನಾನು ಅಧ್ಯಾಪಕನಾಗಿದ್ದ ಕಾಲೇಜಿನ ಪುಸ್ತಕಭಂಡಾರದಲ್ಲಿ 'ಡ್ರಮ್ಯಾಟಿಕ್ ಟೆಕ್ನಿಕ್' ಎಂಬ ದಪ್ಪವಾದ ಗ್ರಂಥವೊಂದಿತ್ತು. ಅದು ಮೊದಲು ಅಚ್ಚಾದದ್ದು 1919ರಲ್ಲಿ. ವಾರ್ಷಿಕೋತ್ಸವದ ನಾಟಕಕ್ಕೆ ಏನಾದರೂ ಉಪಾಯ ದೊರೆತೀತೆಂಬ ಆಸೆಯಿಂದ ಅದನ್ನು ಮನೆಗೆ ತಂದೆ. ನನಗೆ ಬೇಕಾಗಿದ್ದ ಉಪಾಯಗಳೇನೂ ಅದರಲ್ಲಿರಲಿಲ್ಲ. ನಿಯಮಗಳನ್ನು ಕೊಡುವುದಕ್ಕೆ ಗ್ರಂಥಕರ್ತರಿಗೇ ಮನಸ್ಸಿದ್ದಂತೆ ತೋರಲಿಲ್ಲ. ನಾಟಕದ ತಂತ್ರದಲ್ಲಿ ಎಲ್ಲ ಕಾಲಕ್ಕೂ ಸಲ್ಲುವುದೊಂದು, ಆಯಾ ಕಾಲಕ್ಕೆ ಮಾತ್ರ ಸಲ್ಲುವುದೊಂದು, ಒಬ್ಬೊಬ್ಬ ಕವಿಗೇ ಸ್ವಂತವಾದುದೊಂದು ಎಂದು ಮೂರು ಬಗೆಯುಂಟೆಂದು ಹೇಳಿ, ಮೊದಲನೆಯದನ್ನು ಕಲಿಯಬಹುದು, ಎರಡನೆಯದನ್ನು ತಿಳಿದುಕೊಳ್ಳಬಹುದು, ಮೂರನೆಯದನ್ನು ಅನುಕರಿಸಹೋಗಬಾರದು ಎಂಬ ಅಭಿಪ್ರಾಯ ಬರುವಂತೆ ಬರೆದಿದ್ದರು. ನಾಟಕದ ಬುಡ ಕ್ರಿಯೆ ಮತ್ತು ಭಾವ. ಮಾತು ಆಮೇಲೆ ಬರತಕ್ಕದ್ದು ಎಂಬುದು ಅವರ ಮತ. ಪುಟಪುಟಕ್ಕೂ ಯಾರು ಯಾರದೋ ನಾಟಕಗಳಿಂದ ಎತ್ತಿದ ಉದ್ಧೃತಿಗಳು. ತಮ್ಮ ದನಿಯನ್ನು ಇಷ್ಟು ತಗ್ಗಿಸಿ ಮಾತನಾಡುವ ಪಂಡಿತರು ಅಪರೂಪವೆನ್ನಿಸಿ, ಅವರ ಚರಿತ್ರೆಯನ್ನು ಹುಡುಕಿ ಓದತೊಡಗಿದೆನು.

ಬೇಕರರು ಹುಟ್ಟಿದ್ದು 1866ರಲ್ಲಿ, ಪ್ರಾವಿಡೆನ್ಸ್ ನಗರದಲ್ಲಿ. 1887ರಲ್ಲಿ ಹಾರ್ವರ್ಡಿನ ಪದವೀಧರರಾಗಿ, ಬಹುಬೇಗ ಅಲ್ಲಿಯೇ ಇಂಗ್ಲಿಷ್ ಅಧ್ಯಾಪಕರಾದರು. ಅವರು ಮೊದಲು ಕಲಿಸಿದ್ದು ನಾಟಕವನ್ನಲ್ಲ, ವಾದಮಾಡುವುದನ್ನು. 1895ರಲ್ಲಿ ಅಚ್ಚಾದ ಅವರ ಮೊದಲ ಹೆಸರಾಂತ ಪುಸ್ತಕ ವಾದವಿದ್ಯೆಯ ತತ್ತ್ವಗಳನ್ನು ಕುರಿತದ್ದು. ವಕೀಲರಾಗಲಿರುವ ಹುಡುಗರಿಗೆ ಪಕ್ಷ ಪ್ರತಿಪಕ್ಷಗಳನ್ನು ಜೋಡಿಸುವುದನ್ನು ಹೇಳಿಕೊಡುತ್ತಿದ್ದ ಮನುಷ್ಯ ನಾಟಕಕ್ಕೆ ಬಂದುದು ವಿಚಿತ್ರವೆನ್ನಿಸಬಹುದು, ನನಗೆ ಹಾಗೆನ್ನಿಸುವುದಿಲ್ಲ. ಇಬ್ಬರು ಎದುರುಬದುರು ನಿಂತು ತಮ್ಮ ತಮ್ಮ ಹಟವನ್ನು ಸಾಧಿಸುವುದೇ ತಾನೆ ನಾಟಕ? ಷೇಕ್ಸ್‌ಪಿಯರನು ನಾಟಕಕಾರನಾಗಿ ಹೇಗೆ ಬೆಳೆದನೆಂಬುದರ ಮೇಲೆ 1907ರಲ್ಲಿ ಇನ್ನೊಂದು ಗ್ರಂಥವನ್ನು ಬರೆದರು. ಅವನನ್ನು ಹುಟ್ಟುಪ್ರತಿಭೆಯೆಂದು ಕೈಮುಗಿದು ಬಿಡದೆ, ಕಸುಬನ್ನು ಮೆಟ್ಟಿಲುಮೆಟ್ಟಿಲಾಗಿ ಕಲಿತವನೆಂದು ನೋಡಿದ ಗ್ರಂಥವದು.

ಆ ನೋಟದಿಂದಲೇ ಅವರ ಮುಖ್ಯ ಕೆಲಸ ಹುಟ್ಟಿತು. ಷೇಕ್ಸ್‌ಪಿಯರನು ಕಲಿತದ್ದು ನಿಜವಾದರೆ ಇತರರೂ ಏಕೆ ಕಲಿಯಬಾರದು? ನಾಟಕಗಳನ್ನು ಓದಿ ವ್ಯಾಖ್ಯಾನಮಾಡುವ ಪಾಠ ಎಲ್ಲೆಡೆಯೂ ಇತ್ತು. ನಾಟಕಗಳನ್ನು ಬರೆಯುವ ಪಾಠ ಇರಲಿಲ್ಲ. ಬೇಕರರು ಅದನ್ನು ಮೊದಲು ರ‍್ಯಾಡ್‌ಕ್ಲಿಫ್ ಎಂಬ ಹೆಂಗಸರ ಕಾಲೇಜಿನಲ್ಲಿ ನಡೆಸಿ ನೋಡಿ, ಅನಂತರ ಹಾರ್ವರ್ಡಿಗೆ ತಂದರು. ಪಾಠಪಟ್ಟಿಯಲ್ಲಿ ಅದರ ಹೆಸರು 'ಇಂಗ್ಲಿಷ್ 47'. ಈ ನಲವತ್ತೇಳರಲ್ಲಿ ಯಾವ ಗೂಢಾರ್ಥವೂ ಇಲ್ಲ, ಅದು ಬರಿಯ ಕ್ರಮಸಂಖ್ಯೆ. ಆದರೂ ಕೆಲವು ವರ್ಷಗಳಲ್ಲಿ ಆ ಸಂಖ್ಯೆಯೇ ಒಂದು ಬಿರುದಾಯಿತು.

ಬರೆಯುವುದನ್ನು ಕಲಿಸಲಾದೀತೆ ಎಂಬ ಆಕ್ಷೇಪಣೆ ಅಲ್ಲಿಯೂ ಎದ್ದಿತು. ಕವಿ ಹುಟ್ಟುತ್ತಾನೆ, ಮಾಡಿದರೆ ಆಗುವವನಲ್ಲ ಎಂಬ ಮಾತು ಯಾವ ದೇಶದಲ್ಲಿ ಇಲ್ಲ? ನಮ್ಮ ಆಲಂಕಾರಿಕರು ಈ ವಿಷಯದಲ್ಲಿ ಹೆಚ್ಚು ವಿವೇಕಿಗಳೆಂದು ನನ್ನ ಎಣಿಕೆ. ಮಮ್ಮಟನು ಕಾವ್ಯದ ಹುಟ್ಟಿಗೆ ಹುಟ್ಟುಶಕ್ತಿಯನ್ನು ಹೇಳಿದನು, ಲೋಕವನ್ನೂ ಶಾಸ್ತ್ರಕಾವ್ಯಗಳನ್ನೂ ನೋಡಿ ಬಂದ ನಿಪುಣತೆಯನ್ನು ಹೇಳಿದನು, ಕಾವ್ಯವನ್ನು ಬಲ್ಲವರ ಶಿಕ್ಷಣದಲ್ಲಿ ಮಾಡುವ ಅಭ್ಯಾಸವನ್ನೂ ಹೇಳಿದನು. ಹೇಳಿ, ಈ ಮೂರನ್ನೂ ಬೇರೆಬೇರೆ ಕಾರಣಗಳೆನ್ನದೆ ಏಕವಚನದಲ್ಲಿ ಒಂದೇ ಕಾರಣವೆಂದನು. ಬೇಕರರು ಮಮ್ಮಟನನ್ನು ಓದಿದ್ದರೆಂದು ನಾನು ಹೇಳುತ್ತಿಲ್ಲ. ಆದರೆ ಅವರ ನಿಲವು ಇದಕ್ಕೆ ಬಹಳ ಹತ್ತಿರವಾದುದು. ಶಕ್ತಿಯಿಲ್ಲದವನಿಗೆ ಅದನ್ನು ತಾವು ಕೊಡಲಾರರು. ಇದ್ದವನಿಗೆ ಹತ್ತು ವರ್ಷ ತಡಕಾಡಿ ತಿಳಿಯಬೇಕಾದುದನ್ನು ಒಂದೆರಡು ವರ್ಷಗಳಲ್ಲಿ ತಿಳಿಯುವ ಹಾಗೆ ಮಾಡಬಲ್ಲರು. ಇಷ್ಟೇ ಅವರ ಪ್ರತಿಜ್ಞೆ.

ಅವರ ಕ್ರಮ ಹೀಗಿತ್ತು. ಸೇರಬಯಸುವವನು ತಾನು ಬರೆದ ನಾಟಕವೊಂದನ್ನು ಮುಂದಾಗಿ ಕಳುಹಿಸಬೇಕು. ಅವುಗಳಿಂದ ಹನ್ನೆರಡು ಮಂದಿಯನ್ನೋ ಅದಕ್ಕೆ ಸ್ವಲ್ಪ ಹೆಚ್ಚುಕಡಮೆಯಾಗಿಯೋ ಆರಿಸುವರು. ಮೊದಲು ಒಂದು ಸಣ್ಣಕಥೆಯನ್ನು ನಾಟಕಕ್ಕೆ ತಿರುಗಿಸಬೇಕು. ಬಳಿಕ ಸ್ವಂತವಾದ ಏಕಾಂಕವೊಂದು. ಕೊನೆಗೆ ಪೂರ್ಣಪ್ರಮಾಣದ ನಾಟಕ. ಬರೆದುದನ್ನು ಬೇಕರರು ತರಗತಿಯಲ್ಲಿ ತಾವೇ ಗಟ್ಟಿಯಾಗಿ ಓದುವರು. ಬರೆದವನ ಹೆಸರನ್ನು ಹೇಳುವುದಿಲ್ಲ. ಎಲ್ಲರೂ ಟೀಕೆಮಾಡುತ್ತಿರುವಾಗ ಬರೆದವನು ಬಾಯಿಮುಚ್ಚಿ ಕುಳಿತು, ತನ್ನ ಮಗುವಿನ ಗುಣದೋಷಗಳನ್ನು ಬೇರೆಯವರ ಬಾಯಿಂದ ಕೇಳಬೇಕು. ಈ ಕಷ್ಟದ ರುಚಿಯನ್ನು ಬರೆಯುವವರು ಮಾತ್ರ ಬಲ್ಲರು.

ಆದರೆ ಓದಿ ಕೇಳಿದ ನಾಟಕ ಅರ್ಧ ನಾಟಕ. ಆದುದರಿಂದ 1912ರಲ್ಲಿ '47 ವರ್ಕ್‌ಷಾಪ್' ಎಂಬ ಪ್ರಯೋಗಶಾಲೆಯನ್ನು ತೆರೆದರು. ತರಗತಿಯಲ್ಲಿ ತೇರ್ಗಡೆಯಾದ ನಾಟಕಗಳನ್ನು ಅಲ್ಲಿ ಆಡಿ ತೋರಿಸುತ್ತಿದ್ದರು. ಪ್ರೇಕ್ಷಕರು ಹಣಕೊಟ್ಟು ಚೀಟಿ ಕೊಂಡವರಲ್ಲ, ಆಹ್ವಾನಿತರು. ಅವರು ತೆರಬೇಕಾದ ಸುಂಕ ಬೇರೆಯಾಗಿತ್ತು: ನಾಟಕ ನೋಡಿದ ಕೆಲವು ದಿನಗಳೊಳಗೆ ತಮ್ಮ ವಿಮರ್ಶೆಯನ್ನು ಬರೆದು ಕಳುಹಿಸಬೇಕು. ಬೇಕರರು ಅವನ್ನೆಲ್ಲ ಓದಿ, ಬರೆದವರ ಹೆಸರನ್ನು ಮರೆಮಾಡಿ, ನಾಟಕಕಾರನ ಕೈಗೆ ಕೊಡುತ್ತಿದ್ದರು. ವಿಮರ್ಶೆ ಕಳುಹಿಸದವರಿಗೆ ಮತ್ತೆ ಕರೆಯಿಲ್ಲ. ನಮ್ಮಲ್ಲಿ ನಾಟಕ ಮುಗಿದ ಮೇಲೆ ಹಾರ ಹಾಕಿ "ಬಹಳ ಚೆನ್ನಾಗಿತ್ತು" ಎಂದು ಹೇಳಿ ಮನೆಗೆ ಹೋಗುವ ಪದ್ಧತಿಯನ್ನು ನೆನೆದರೆ, ಆ ಏರ್ಪಾಟಿನ ಬೆಲೆ ತಿಳಿಯುತ್ತದೆ.

ಈ ಮೇಜಿನ ಸುತ್ತ ಕುಳಿತು ಎದ್ದುಹೋದವರ ಪಟ್ಟಿ ದೊಡ್ಡದು. ಎಡ್ವರ್ಡ್ ಷೆಲ್ಡನ್, ಸಿಡ್ನಿ ಹೊವರ್ಡ್, ಫಿಲಿಪ್ ಬ್ಯಾರಿ, ಬೆರ್ಮನ್ ಮೊದಲಾದವರು. ನೂರೇಳು ವರ್ಷ ಬದುಕಿ 1995ರಲ್ಲಿ ತೀರಿಕೊಂಡ ಜಾರ್ಜ್ ಆಬಟ್. ಬರೆಯುವವರಲ್ಲದೆ ಕಲಿಸುವವರೂ ಅಲ್ಲಿಂದ ಹೊರಟರು. ಫ್ರೆಡರಿಕ್ ಕಾಚ್ ಎಂಬಾತನು ಉತ್ತರ ಕ್ಯಾರೊಲೈನಾಕ್ಕೆ ಹೋಗಿ 1918ರಲ್ಲಿ ಹಳ್ಳಿಗಾಡಿನ ಜೀವನವನ್ನು ನಾಟಕಮಾಡುವ ವಿದ್ಯಾರ್ಥಿಮೇಳವನ್ನು ಕಟ್ಟಿದನು. ಒಂದು ವರ್ಷ ಬೇಕರರಿಗೆ ಸಹಾಯಕಳಾಗಿದ್ದ ಹ್ಯಾಲಿ ಫ್ಲಾನಗನ್ ಎಂಬಾಕೆ 1935ರಿಂದ 1939ರವರೆಗೆ, ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸವಿಲ್ಲದೆ ಕುಳಿತಿದ್ದ ನಟರಿಗಾಗಿ ಸರ್ಕಾರವು ನಡೆಸಿದ ದೇಶವ್ಯಾಪಿಯಾದ ನಾಟಕಯೋಜನೆಗೆ ಅಧಿಕಾರಿಣಿಯಾಗಿದ್ದಳು.

ಆದರೆ ಎಲ್ಲರಿಗಿಂತ ಮೇಲಾದವನು ಯೂಜೀನ್ ಓನೀಲ್. 1914ರ ಶರತ್ಕಾಲದಲ್ಲಿ ಅವನು ಬೇಕರರಲ್ಲಿಗೆ ಬಂದಾಗ ಇಪ್ಪತ್ತಾರನೆಯ ವರ್ಷಕ್ಕೆ ಕಾಲಿಡುತ್ತಿದ್ದನು. ಹೆಸರಾಂತ ನಟನ ಮಗ; ಪ್ರಿನ್ಸ್‌ಟನ್ನಿನಲ್ಲಿ ಒಂದು ವರ್ಷವಿದ್ದು ಬಿಟ್ಟವನು; ಹಡಗುಗಳಲ್ಲಿ ದುಡಿದವನು; ಕ್ಷಯದ ಆಸ್ಪತ್ರೆಯಲ್ಲಿ ಮಲಗಿ ಎದ್ದವನು. ಕಲಾವಿದನಾಗಬೇಕು, ಇಲ್ಲವೆ ಏನೂ ಆಗಬಾರದು ಎಂಬ ಅರ್ಥದ ಪತ್ರವನ್ನು ಬರೆದು ಸೇರಿದನು. ಒಂದು ವರ್ಷ ಕಲಿತನು. ಇಲ್ಲಿ ಒಂದು ಸಂಗತಿಯುಂಟು. ಸಾಯುತ್ತಿರುವ ನಾವಿಕನೊಬ್ಬನ ಕೊನೆಯ ಗಳಿಗೆಗಳನ್ನು ಕುರಿತ ತನ್ನ ಏಕಾಂಕವನ್ನು ಓನೀಲನು ಗುರುಗಳಿಗೆ ತೋರಿಸಿದಾಗ, ಇದು ನಾಟಕವೇ ಅಲ್ಲವೆಂದು ಅವರು ಹೇಳಿದರೆಂದು ಅವನ ಚರಿತ್ರಕಾರರು ಬರೆಯುತ್ತಾರೆ. ಅದೇ ಏಕಾಂಕ 1916ರ ಜುಲೈ ತಿಂಗಳಲ್ಲಿ ಪ್ರಾವಿನ್ಸ್‌ಟೌನ್ ಎಂಬ ಸಮುದ್ರತೀರದ ಊರಿನಲ್ಲಿ, ಮೀನುಗಾರರ ಕಟ್ಟೆಯ ಮೇಲಿನ ಹಳೆಯ ಕೊಟ್ಟಡಿಯಲ್ಲಿ ಆಡಲ್ಪಟ್ಟು, ಅಮೆರಿಕಾದ ಹೊಸ ನಾಟಕಯುಗಕ್ಕೆ ನಾಂದಿಯಾಯಿತು.

ಹಾಗಾದರೆ ಗುರುವಿನಿಂದ ಬಂದ ಲಾಭವೇನು ಎಂದು ವಾಚಕರು ಕೇಳಬಹುದು. ಬೇಕರರ ಕ್ರಿಯೆ, ಸಂಧಿ, ಪರಾಕಾಷ್ಠೆಗಳ ಅಳತೆಗೋಲಿಗೆ ಆ ನಾಟಕ ಸಿಕ್ಕದಿದ್ದುದು ಸಹಜ. ಅದು ತನ್ನ ಅಳತೆಗೋಲನ್ನು ತಾನೇ ತಂದಿತ್ತು. ಆದರೂ ಓನೀಲನು ಗುರುವನ್ನು ಕೊನೆಯವರೆಗೂ ಗೌರವದಿಂದ ನೆನೆದನು. ತನಗೆ ದೊರೆತ ದೊಡ್ಡ ವಸ್ತು ತಂತ್ರವಲ್ಲ, ಧೈರ್ಯ ಎಂಬುದು ಅವನ ಮಾತಿನ ಸಾರ. ನಾಟಕವೆಂದರೆ ವ್ಯಾಪಾರಿಗಳ ಸರಕಾಗಿದ್ದ ಆ ಕಾಲದಲ್ಲಿ, ಇದು ಒಬ್ಬ ಮನುಷ್ಯ ಬಾಳನ್ನೇ ಮುಡಿಪಿಡಬಹುದಾದ ಕೆಲಸವೆಂದು, ಕನ್ನಡಕ ಹಾಕಿದ ಗಂಭೀರ ಪ್ರೊಫೆಸರರೊಬ್ಬರು ವಿಶ್ವವಿದ್ಯಾನಿಲಯದ ಗೋಡೆಯೊಳಗೆ ಕುಳಿತು ನಂಬಿದ್ದರು. ಅಂಥವರೊಬ್ಬರ ನಂಬಿಕೆ ಇಪ್ಪತ್ತಾರರ ಹುಡುಗನಿಗೆ ಎಷ್ಟು ದೊಡ್ಡ ಆಸರೆಯೆಂಬುದನ್ನು ಅಧ್ಯಾಪಕವೃತ್ತಿಯಲ್ಲಿ ಇದ್ದವರು ಊಹಿಸಬಲ್ಲರು.

ಇನ್ನು ಮನೆಯ ಮಾತು. ಭರತಮುನಿಯ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ಬರುವ ಕಥೆಯನ್ನು ಎಲ್ಲರೂ ಬಲ್ಲರು. ಭರತನು ನೂರು ಮಕ್ಕಳಿಗೆ ನಾಟ್ಯವನ್ನು ಕಲಿಸಿ ಇಂದ್ರಧ್ವಜದ ಹಬ್ಬದಲ್ಲಿ ಬಯಲಿನಲ್ಲಿ ಆಡಿಸಿದಾಗ, ಅಸುರರೂ ವಿಘ್ನಗಳೂ ಬಂದು ನಟರ ಮಾತನ್ನೂ ಚಲನೆಯನ್ನೂ ನೆನಪನ್ನೂ ಸ್ತಂಭಿಸಿಬಿಟ್ಟವು. ಆಗ ಬ್ರಹ್ಮನು ವಿಶ್ವಕರ್ಮನನ್ನು ಕರೆದು ನಾಟ್ಯಗೃಹವನ್ನು ಕಟ್ಟಿಸಿದನು. ಬೇಕರರಿಗೆ ಹಾರ್ವರ್ಡಿನಲ್ಲಿ ವಿಶ್ವಕರ್ಮನು ಸಿಕ್ಕಲೇ ಇಲ್ಲ. ನಾಟಕಗಳನ್ನು ಆಡಿದ್ದು ರ‍್ಯಾಡ್‌ಕ್ಲಿಫ್ ಕಾಲೇಜಿನ ಕಿರಿದಾದ ರಂಗದ ಮೇಲೆ. ಪರದೆ ಬರೆಯುವುದಕ್ಕೂ ಸಾಮಾನು ಇಡುವುದಕ್ಕೂ ಮ್ಯಾಸಚೂಸೆಟ್ಸ್ ಹಾಲ್ ಎಂಬ, 1720ರಲ್ಲಿ ಕಟ್ಟಿದ ಹಳೆಯ ಕಟ್ಟಡದಲ್ಲಿ ಜಾಗ ಕೊಟ್ಟಿದ್ದರು. 1924ರ ಹೊತ್ತಿಗೆ ಅದೂ ಕೈಬಿಟ್ಟಿತು. ರಂಗಮಂದಿರವೊಂದು ಬೇಕೆಂದು ಬೇಕರರು ವರ್ಷಗಟ್ಟಲೆ ಕೇಳಿದರು. ಅಧ್ಯಕ್ಷ ಲೊವೆಲರ ಆಡಳಿತವು ಮಂದಿರವನ್ನೂ ಕೊಡಲಿಲ್ಲ, ಆ ವಿದ್ಯೆಗೊಂದು ಪದವಿಯನ್ನೂ ಕೊಡಲಿಲ್ಲ. ನಾಟಕವನ್ನು ಓದುವುದು ಪಾಂಡಿತ್ಯ. ಬಣ್ಣ ಕಲಸಿ ಮೊಳೆ ಹೊಡೆದು ಅದನ್ನು ಎತ್ತಿ ನಿಲ್ಲಿಸುವುದು ಬಡಗಿಯ ಕೆಲಸ. ಇದೇ ಅಲ್ಲಿಯ ಭಾವನೆಯಾಗಿದ್ದಿರಬೇಕು.

ಈ ಭಾವನೆಯನ್ನು ಕಾಣಲು ಸಮುದ್ರ ದಾಟಬೇಕಾಗಿಲ್ಲ. ನಾನು ಕೆಲಸಮಾಡುತ್ತಿದ್ದ ಕಾಲೇಜಿನಲ್ಲಿ ನಾಟಕದ ಖರ್ಚನ್ನು ಯಾವ ಬಾಬಿಗೆ ಹಾಕಬೇಕೆಂಬುದು ಪ್ರತಿವರ್ಷವೂ ತೀರದ ಸಮಸ್ಯೆಯಾಗಿತ್ತು. ಸಾಹಿತ್ಯಸಂಘದ ಬಾಬಿನಲ್ಲಿ ಉಪನ್ಯಾಸಕಾರರ ಕಾಫಿಗೆ ಮಾತ್ರ ಅವಕಾಶ. ಕೊನೆಗೆ ಕಚೇರಿಯ ಗುಮಾಸ್ತರೊಬ್ಬರು ದಯೆತೋರಿ ಅದನ್ನು ಆಟೋಟಗಳ ನಿಧಿಗೆ ಬರೆದರು: "ಅದೂ ಆಟವೇ ತಾನೆ, ಸ್ವಾಮಿ?" ಹೀಗಾಗಿ ದುಷ್ಯಂತನ ಕಿರೀಟವೂ ದುರ್ವಾಸನ ಗಡ್ಡವೂ ಹಲವು ವರ್ಷ ಕಾಲ್ಚೆಂಡು, ಬಲೆಗಳ ಜೊತೆಯಲ್ಲಿಯೇ ಲೆಕ್ಕಕ್ಕೆ ಸೇರಿ, ಅದೇ ಬೀರುವಿನಲ್ಲಿ ವಾಸಮಾಡಿದವು. ಗುಮಾಸ್ತರ ಔದಾರ್ಯವನ್ನು ನಾನು ಈಗಲೂ ನೆನೆಯುತ್ತೇನೆ. ಆದರೆ ಆ ಬೀರುವಿನ ಬಾಗಿಲು ತೆರೆದಾಗಲೆಲ್ಲ ಬೇಕರರ ನೆನಪು ಬರುತ್ತಿತ್ತು.

1924ರ ಕೊನೆಯಲ್ಲಿ ವಿಶ್ವಕರ್ಮನು ಬೇರೆ ಊರಿನಲ್ಲಿ ಕಾಣಿಸಿಕೊಂಡನು. ಎಡ್ವರ್ಡ್ ಹಾರ್ಕ್‌ನೆಸ್ ಎಂಬ ಧನಿಕನು ತಾನು ಓದಿದ ಯೇಲ್ ವಿಶ್ವವಿದ್ಯಾನಿಲಯಕ್ಕೆ, ರಂಗಮಂದಿರವನ್ನು ಕಟ್ಟಿ ನಾಟಕವಿಭಾಗವನ್ನು ನಡೆಸುವುದಕ್ಕಾಗಿ ಹತ್ತು ಲಕ್ಷ ಡಾಲರುಗಳನ್ನು ಕೊಟ್ಟನು. ವಿಭಾಗದ ಮುಖ್ಯಸ್ಥರಾಗಿ ಬೇಕರರಿಗೆ ಕರೆಬಂತು. ವಿದ್ಯಾರ್ಥಿಯಾಗಿಯೂ ಗುರುವಾಗಿಯೂ ನಲವತ್ತು ವರ್ಷದ ನಂಟಿದ್ದ ಹಾರ್ವರ್ಡನ್ನು ಬಿಟ್ಟು, ಐವತ್ತೆಂಟನೆಯ ವಯಸ್ಸಿನಲ್ಲಿ ಅವರು ಒಪ್ಪಿಕೊಂಡರು. ಈ ಎರಡು ವಿಶ್ವವಿದ್ಯಾನಿಲಯಗಳಿಗೂ ಕಾಲ್ಚೆಂಡಿನಲ್ಲಿ ಹಳೆಯ ಹಗೆ. ಯೇಲ್ 47, ಹಾರ್ವರ್ಡ್ ಸೊನ್ನೆ ಎಂದು ಜನ ಪಂದ್ಯದ ಲೆಕ್ಕದಲ್ಲಿ ಹಾಸ್ಯಮಾಡಿದರು. 1925ರಲ್ಲಿ ವಿಭಾಗ ಆರಂಭವಾಯಿತು, 1926ರ ಡಿಸೆಂಬರಿನಲ್ಲಿ ಮಂದಿರ ತೆರೆಯಿತು.

ಅವರ ವೃತ್ತಾಂತದಲ್ಲಿ ನನ್ನನ್ನು ಹೆಚ್ಚಾಗಿ ಕಾಡಿರುವುದು ಈ ಭಾಗ. ಕೇಳಿದುದೆಲ್ಲವೂ ದೊರೆತ ಮೇಲೆ ಓನೀಲನಂಥವನು ಮತ್ತೊಬ್ಬನು ಬರಲಿಲ್ಲ. ಯೇಲಿನ ಮಂದಿರದಿಂದ ಹೊರಟ ಬೆಳಕು ಬೇರೆ ಬಗೆಯದು, ಅಕ್ಷರಶಃ ಬೆಳಕೇ. ಸ್ಟ್ಯಾನ್ಲಿ ಮ್ಯಾಕ್‌ಕ್ಯಾಂಡ್ಲೆಸ್ ಅಲ್ಲಿ ರಂಗದೀಪನವನ್ನು ಶಾಸ್ತ್ರವಾಗಿ ಕಲಿಸಿದನು. 1932ರಲ್ಲಿ ಅವನು ಬರೆದ ಸಣ್ಣ ಪುಸ್ತಕದ ಕ್ರಮವನ್ನು ದೀಪಗಾರರು ಇಂದಿಗೂ ಮೊದಲ ಪಾಠವಾಗಿ ಕಲಿಯುತ್ತಾರೆ. ಹಾರ್ವರ್ಡಿನಲ್ಲಿ ಬೇಕರರ ಶಿಷ್ಯನಾಗಿದ್ದ ಡೊನಾಲ್ಡ್ ಓನ್‌ಸ್ಲೇಗರ್ ರಂಗಸಜ್ಜಿಕೆಯನ್ನು ಕಲಿಸಿದನು. ಮುಂದೆ ನಿರ್ದೇಶಕನೆಂದು ಹೆಸರಾದ ಈಲಿಯ ಕಜಾನ್ 1930ರಿಂದ ಎರಡು ವರ್ಷ ಅಲ್ಲಿದ್ದನು. ನಿರ್ದೇಶಕರು, ಸಜ್ಜಿಕೆಯವರು, ದೀಪದವರು, ಬೇರೆ ಕಾಲೇಜುಗಳಿಗೆ ಮೇಷ್ಟರಾಗಿ ಹೋದವರು, ಇವರೇ ಆ ತೋಟದ ಫಲ.

ಹಣ ಬಂದು ಕವಿತ್ವ ಹೋಯಿತೆಂದು ಹೇಳುವುದು ಸುಲಭ. ನಾನು ಹಾಗೆ ಹೇಳಲಾರೆ. ಹಾರ್ವರ್ಡಿನಲ್ಲಿ ಎಲ್ಲದರ ನಡುವೆ ಇದ್ದುದು ಒಂದು ಮೇಜು, ಒಂದು ಹಸ್ತಪ್ರತಿ, ಓದುವ ಒಂದು ಗಂಟಲು. ಯೇಲಿನಲ್ಲಿ ನಡುವೆ ಇದ್ದುದು ಕಟ್ಟಡ. ಕಟ್ಟಡಕ್ಕೆ ನೌಕರರು, ನೌಕರರಿಗೆ ಸಂಬಳ, ಸಂಬಳಕ್ಕೆ ಅಂದಾಜುಪಟ್ಟಿ, ಪಟ್ಟಿಗೆ ಸಮಿತಿ. ವಿಭಾಗದ ಮುಖ್ಯಸ್ಥನ ಮೇಜಿನ ಮೇಲೆ ಹಸ್ತಪ್ರತಿಯ ಮೇಲೆ ಕಡತ ಬೀಳುವುದು ಎಲ್ಲ ದೇಶದಲ್ಲಿಯೂ ಒಂದೇ ಬಗೆ. ಅದಲ್ಲದೆ ಕಾಲವೂ ತಿರುಗಿತ್ತು. 1914ರಲ್ಲಿ ನಾಟಕ ಬರೆಯಬೇಕೆಂಬ ಹುಡುಗನಿಗೆ ತೆರೆದಿದ್ದ ಬಾಗಿಲು ಅದೊಂದೇ. 1926ರ ಹೊತ್ತಿಗೆ ಬಾಗಿಲುಗಳು ಹಲವಾಗಿದ್ದುವು, ಅವುಗಳಲ್ಲಿ ಕೆಲವನ್ನು ತೆರೆದವರೂ ಬೇಕರರ ಶಿಷ್ಯರೇ. ಒಂದನ್ನು ಮಾತ್ರ ಹೇಳಬಹುದು: ಹಾರ್ವರ್ಡಿನ ಪ್ರಯೋಗಶಾಲೆ ಬೇಕರರು ಹೊರಟೊಡನೆ ನಿಂತುಹೋಯಿತು, ಯೇಲಿನದು 1933ರಲ್ಲಿ ಅವರು ನಿವೃತ್ತರಾದ ಮೇಲೂ ನಿಲ್ಲಲಿಲ್ಲ. ಅದನ್ನು ತಿಳಿದೇ ಅವರು ಮೇಜನ್ನು ಬಿಟ್ಟು ಕಟ್ಟಡವನ್ನು ಆರಿಸಿಕೊಂಡರೆಂದು ನನ್ನ ನಂಬಿಕೆ. ಅದಕ್ಕೆ ತೆತ್ತ ಬೆಲೆಯನ್ನೂ ಅವರು ಅರಿತಿದ್ದಿರಬೇಕು.

ಸ್ವಂತವಾಗಿ ಅವರು ರಂಗಕ್ಕೆ ಬರೆದುದು ಸ್ವಲ್ಪ. 1921ರಲ್ಲಿ ಪ್ಲಿಮತ್ ಊರಿನಲ್ಲಿ, ಅಲ್ಲಿಗೆ ಮೊದಲು ವಲಸೆಬಂದವರ ಮುನ್ನೂರನೆಯ ವರ್ಷದ ಉತ್ಸವಕ್ಕೆ, ಸಾವಿರಕ್ಕೂ ಮಿಕ್ಕ ಜನ ಸೇರಿ ಆಡಿದ ಭಾರಿಯ ದೃಶ್ಯರೂಪಕವೊಂದನ್ನು ರಚಿಸಿ ನಡೆಸಿದರು. ಅದು ಉತ್ಸವದೊಡನೆ ಮುಗಿಯಿತು.

ನಾಟ್ಯಶಾಸ್ತ್ರದ ಕೊನೆಯಲ್ಲಿ ಇನ್ನೊಂದು ಕಥೆಯಿದೆ. ಭರತನ ಮಕ್ಕಳು ವಿದ್ಯಾಮದದಿಂದ ಋಷಿಗಳನ್ನೇ ಅಣಕಿಸಿ ಆಡಿ ಶಾಪಗ್ರಸ್ತರಾದರು. ಬೇಕರರ ಶಿಷ್ಯರಲ್ಲಿಯೂ ಅಂಥವನೊಬ್ಬನಿದ್ದನು, ಥಾಮಸ್ ವುಲ್ಫ್. ಕಾಚನ ಬಳಿ ಪಾಠ ಹೇಳಿಸಿಕೊಂಡು 1920ರಲ್ಲಿ ಹಾರ್ವರ್ಡಿಗೆ ಬಂದ ಆ ಎತ್ತರದಾಳಿನ ಯುವಕನು ಬರೆದುದೆಲ್ಲವೂ ಅವನಂತೆಯೇ ಉದ್ದ. 1923ರಲ್ಲಿ ಪ್ರಯೋಗಶಾಲೆಯು ಅವನ ನಾಟಕವೊಂದನ್ನು ಆಡಿದಾಗ ಪ್ರೇಕ್ಷಕರು ಬಹಳ ಹೊತ್ತು ಕುಳಿತಿರಬೇಕಾಯಿತು. ಕತ್ತರಿಸೆಂದರೆ ಕತ್ತರಿಸಲಾರನು. ನಾಟಕ ತನಗೆ ಒಗ್ಗದೆಂದು ಕಂಡು ಕಾದಂಬರಿಗೆ ತಿರುಗಿ ಅಲ್ಲಿ ದೊಡ್ಡವನಾದನು. 1935ರಲ್ಲಿ ಪ್ರಕಟವಾದ ತನ್ನ ಎರಡನೆಯ ಕಾದಂಬರಿಯಲ್ಲಿ ಪ್ರೊಫೆಸರ್ ಹ್ಯಾಚರ್ ಎಂಬ ಹೆಸರಿನಿಂದ ಗುರುವನ್ನೂ ಆ ತರಗತಿಯನ್ನೂ ಚಿತ್ರಿಸಿದನು. ಚಿತ್ರದಲ್ಲಿ ಒಂದಿಷ್ಟು ಮೆಚ್ಚಿಕೆಯುಂಟು, ಬಹಳಷ್ಟು ಕುಟುಕುಂಟು. ಬೇಕರರು ಅದನ್ನು ಓದುವ ಪ್ರಸಂಗ ಬರಲಿಲ್ಲ. ಪುಸ್ತಕ ಹೊರಬಿದ್ದದ್ದು ಮಾರ್ಚಿಯಲ್ಲಿ; ಅವರು ಜನವರಿ 6ರಂದೇ ತೀರಿಕೊಂಡಿದ್ದರು. ಅದೇ ಜನವರಿಯಲ್ಲಿ ಓನೀಲನು ನ್ಯೂಯಾರ್ಕಿನ ಪತ್ರಿಕೆಯೊಂದಕ್ಕೆ ಕಾಗದ ಬರೆದು, ಕತ್ತಲಿನ ಆ ದಿನಗಳಲ್ಲಿ ತಮಗೆ ಆಸೆಯನ್ನು ಉಳಿಸಿಕೊಟ್ಟವರು ಬೇಕರರೆಂದು ತಿಳಿಸಿದನು. ಮುಂದಿನ ವರ್ಷ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು.

ಯೇಲಿನ ವಿಭಾಗ 1955ರಲ್ಲಿ ಪ್ರತ್ಯೇಕವಾದ ನಾಟಕಶಾಲೆಯಾಯಿತು. 2021ರಲ್ಲಿ ಹದಿನೈದು ಕೋಟಿ ಡಾಲರುಗಳ ಕೊಡುಗೆಯೊಂದು ಬಂದು, ಅಲ್ಲಿ ವಿದ್ಯಾರ್ಥಿಗಳಿಂದ ಬೋಧನಶುಲ್ಕ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು. ಶಾಲೆಗೆ ಈಗ ಆ ದಾನಿಯ ಹೆಸರು. ಹಾರ್ವರ್ಡ್ ತನ್ನ ರಂಗಮಂದಿರವನ್ನು 1960ರಲ್ಲಿ ತೆರೆಯಿತು. ನಾಟಕವನ್ನೇ ಮುಖ್ಯ ವಿಷಯವಾಗಿ ಆರಿಸಿಕೊಂಡು ಪದವಿಗೆ ಓದಬಹುದೆಂದು ಅಲ್ಲಿ ಏರ್ಪಾಟಾದದ್ದು 2015ರಲ್ಲಿ. ಬೇಕರರು ಪೆಟ್ಟಿಗೆ ಕಟ್ಟಿಕೊಂಡು ಅಲ್ಲಿಂದ ಹೊರಟು ಆಗ ತೊಂಬತ್ತು ವರ್ಷವಾಗಿತ್ತು.